ಮುರ್ತೋಜ: ರಿಯಾ ದಂಡೆಯಿಂದ ಫೆರಿ ಸ್ಟ್ರೀಟ್‌ವರೆಗೆ

ಮುರ್ತೋಜ ಪೋರ್ಚುಗಲ್‌ನ ಪಶ್ಚಿಮ ಕರಾವಳಿಯ ಒಂದು ಪುಟ್ಟ ಕೊನ್ಸೆಲ್ಯೊ. ಕೊನ್ಸೆಲ್ಯೊ ಎಂದರೆ ತನ್ನದೇ ಪುರಸಭೆಯುಳ್ಳ ಆಡಳಿತ ವಿಭಾಗ. ಮುರ್ತೋಜದ್ದು ನಮ್ಮ ತಾಲ್ಲೂಕಿಗಿಂತ ಬಹಳ ಚಿಕ್ಕದು, ಗ್ರಾಮ ಪಂಚಾಯಿತಿಗಿಂತ ದೊಡ್ಡದು. ಅವೇರೊ ಜಿಲ್ಲೆಗೆ ಸೇರಿದ ಮುರ್ತೋಜದ ವಿಸ್ತೀರ್ಣ ಸುಮಾರು 73 ಚದರ ಕಿಲೋಮೀಟರ್. ಜನಸಂಖ್ಯೆ ಹತ್ತು ಸಾವಿರದ ಐನೂರರ ಆಸುಪಾಸು. ಬುನ್ಯೇರೊ, ಮೊಂತೆ, ಮುರ್ತೋಜ, ತೊರೇರ ಎಂಬ ನಾಲ್ಕು ಊರುಗಳು ಸೇರಿ ಈ ಕೊನ್ಸೆಲ್ಯೊ ಆಗಿದೆ. 1926ರವರೆಗೆ ಇದು ನೆರೆಯ ಎಸ್ತರೇಜದ ಆಡಳಿತದಲ್ಲಿತ್ತು; ಆ ವರ್ಷ ಬೇರೆಯಾಯಿತು. ಇಷ್ಟು ಸಣ್ಣ ಊರಿನ ಚರಿತ್ರೆಯನ್ನು ಅದರ ಗಡಿಯೊಳಗೇ ಬರೆದು ಮುಗಿಸಲು ಆಗುವುದಿಲ್ಲ. ಅದರ ಒಂದು ದೊಡ್ಡ ಪಾಲು ಅಟ್ಲಾಂಟಿಕ್ ಸಾಗರದ ಆಚೆ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ನೆವಾರ್ಕ್ ನಗರದಲ್ಲಿದೆ.

ಮುರ್ತೋಜದ ಬದುಕನ್ನು ರೂಪಿಸಿದ್ದು ‘ರಿಯಾ ದಿ ಅವೇರೊ’ ಎಂಬ ಹಿನ್ನೀರು. ಈ ಹಿನ್ನೀರು ಬಹಳ ಹಳೆಯದಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಇಲ್ಲಿ ಕಡಲು ಒಳನುಗ್ಗಿದ ತೆರೆದ ಕೊಲ್ಲಿಯಿತ್ತು. ಅಲೆಗಳು ತಂದು ಸುರಿದ ಮರಳು ಉತ್ತರದಿಂದ ದಕ್ಷಿಣಕ್ಕೆ ಉದ್ದನೆಯ ದಿಣ್ಣೆಯಾಗಿ ಬೆಳೆಯಿತು. ದಿಣ್ಣೆಯ ಹಿಂದೆ ವೋಗ ನದಿಯ ಸಿಹಿನೀರು ಕಡಲ ಉಪ್ಪುನೀರಿನೊಂದಿಗೆ ಬೆರೆತು ನಿಂತಿತು. ಮರಳು ಬೆಳೆಯುತ್ತ ಹೋದಂತೆ ಅಳಿವೆಯ ಬಾಯಿ ದಕ್ಷಿಣಕ್ಕೆ ಸರಿಯಿತು, ಕಿರಿದಾಯಿತು, ಆಗಾಗ ಮುಚ್ಚಿಯೂ ಹೋಯಿತು. ಬಾಯಿ ಕಟ್ಟಿದಾಗಲೆಲ್ಲ ನೀರು ಕೊಳೆಯಿತು, ಜ್ವರ ಹರಡಿತು, ಉಪ್ಪಿನಾಗರಗಳು ಹಾಳಾದವು, ಜನ ಊರು ಬಿಟ್ಟರು. ಕೊನೆಗೆ ರೈನಾಲ್ದೊ ಊದಿನೊ ಮತ್ತು ಲೂಯಿಸ್ ಗೋಮೆಸ್ ದಿ ಕಾರ್ವಾಲ್ಯೊ ಎಂಬ ಎಂಜಿನಿಯರುಗಳ ಯೋಜನೆಯಂತೆ ಕಲ್ಲಿನ ತಡೆಗೋಡೆ ಕಟ್ಟಿ, 1808ರ ಏಪ್ರಿಲ್ 3ರಂದು ಕಡಲಿಗೆ ಹೊಸ ಬಾಯಿ ತೆರೆಯಲಾಯಿತು. ಇಂದಿನ ರಿಯಾ ಆ ದಿನದಿಂದ ಸ್ಥಿರವಾದದ್ದು. ಮುರ್ತೋಜದ ಮೂರು ಊರುಗಳು ಹಿನ್ನೀರಿನ ಒಳದಂಡೆಯಲ್ಲಿವೆ. ತೊರೇರ ಮಾತ್ರ ಆಚೆಯ ಮರಳ ದಿಣ್ಣೆಯ ಮೇಲೆ, ಒಂದು ಮಗ್ಗುಲಲ್ಲಿ ಹಿನ್ನೀರು, ಇನ್ನೊಂದು ಮಗ್ಗುಲಲ್ಲಿ ಕಡಲು ಇಟ್ಟುಕೊಂಡು ನಿಂತಿದೆ.

ಬರೀ ಮರಳು ನೆಲದಲ್ಲಿ ಬೆಳೆ ಸರಿಯಾಗಿ ಬರುವುದಿಲ್ಲ. ಆದರೂ ಮುರ್ತೋಜದವರು ಅಲ್ಲಿ ಮೆಕ್ಕೆಜೋಳ, ಹುರುಳಿಕಾಯಿ, ಆಲೂಗಡ್ಡೆ ಬೆಳೆದರು. ಅದಕ್ಕೆ ಬೇಕಾದ ಸಾರ ಹಿನ್ನೀರಿನ ತಳದಿಂದಲೇ ಬಂತು. ರಿಯಾದಲ್ಲಿ ಹೇರಳವಾಗಿ ಬೆಳೆಯುತ್ತಿದ್ದ ನೀರುಹುಲ್ಲು, ಪಾಚಿ, ಜೊಂಡುಗಳಿಗೆ ಒಟ್ಟಾಗಿ ‘ಮೊಲಿಸೊ’ ಎಂದು ಹೆಸರು. ಅದನ್ನು ಕಿತ್ತು ತಂದು, ದಡದಲ್ಲಿ ರಾಶಿ ಹಾಕಿ, ನೀರು ಬಸಿದ ಮೇಲೆ ಎತ್ತಿನ ಗಾಡಿಯಲ್ಲಿ ಹೊಲಕ್ಕೆ ಸಾಗಿಸಿ ಮರಳಿಗೆ ಬೆರೆಸುತ್ತಿದ್ದರು. ಮಲೆನಾಡಿನ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಹೇಗೋ ಮುರ್ತೋಜದ ಹೊಲಕ್ಕೆ ರಿಯಾ ಹಾಗೆ. ಬೆಟ್ಟ ಬೋಳಾದರೆ ತೋಟ ಕೆಡುತ್ತದೆ ಎಂಬ ತಿಳಿವು ಇಲ್ಲಿ ಇರುವಂತೆಯೇ ಅಲ್ಲೂ ಇತ್ತು. ಮೊಲಿಸೊ ಮತ್ತೆ ಚಿಗುರಲೆಂದು ವರ್ಷದ ಕೆಲವು ತಿಂಗಳು ಕೀಳುವುದನ್ನು ನಿಷೇಧಿಸುತ್ತಿದ್ದರು. ತಲೆಮಾರುಗಳ ಈ ದುಡಿಮೆಯಿಂದ ಬರೀ ಮರಳಾಗಿದ್ದ ದಂಡೆ ಕೃಷಿಭೂಮಿಯಾಯಿತು.

ಈ ಕೆಲಸಕ್ಕೆಂದೇ ಹುಟ್ಟಿದ ದೋಣಿ ಮೊಲಿಸೇರೊ. ಉದ್ದ ಸುಮಾರು 15 ಮೀಟರ್, ಅಗಲ ಎರಡೂವರೆ ಮೀಟರ್. ಕಟ್ಟಿಗೆ ಪೈನ್ ಮರದ್ದು. ಹಿನ್ನೀರು ಆಳವಿಲ್ಲದ್ದರಿಂದ ತಳ ಚಪ್ಪಟೆ. ಒದ್ದೆ ಸೊಪ್ಪನ್ನು ಸುಲಭವಾಗಿ ಎಳೆದು ಹಾಕಿಕೊಳ್ಳಲು ಪಕ್ಕದ ಅಂಚುಗಳು ನೀರಿನ ಮಟ್ಟಕ್ಕೆ ತೀರ ಹತ್ತಿರ. ಗಾಳಿಯಿದ್ದರೆ ಒಂದೇ ಹಾಯಿ. ಗಾಳಿ ಬಿದ್ದರೆ ಉದ್ದನೆಯ ಗಳು ಊರಿ ತಳ್ಳುವುದು. ಕಿರಿದಾದ ಕಾಲುವೆಗಳಲ್ಲಿ ದಡದ ಮೇಲಿಂದ ಹಗ್ಗ ಕಟ್ಟಿ ಎಳೆಯುವುದು. ಹಾಯಿ ಬಿಚ್ಚಿ ಸಾಗುವಾಗ ದೋಣಿಯ ಎರಡೂ ಬದಿಗೆ ಹಲ್ಲುಗಳಿರುವ ದೊಡ್ಡ ಕುಂಟೆಗಳನ್ನು ಇಳಿಬಿಡುತ್ತಿದ್ದರು. ದೋಣಿ ಮುಂದೆ ಹೋದಂತೆ ಅವು ತಳದ ಹುಲ್ಲನ್ನು ಬಾಚಿಕೊಳ್ಳುತ್ತಿದ್ದವು. ದೋಣಿ ಕಟ್ಟುವ ಬಡಗಿಗೆ ನಕ್ಷೆಯ ಹಂಗಿರಲಿಲ್ಲ. ಗುರುತುಗಳನ್ನು ಕೊರೆದ ಒಂದು ಅಳತೆಕೋಲು ಮತ್ತು ಅಚ್ಚುಪಟ್ಟಿಗಳು ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ದಾಟುತ್ತಿದ್ದವು. ಇಡೀ ದೋಣಿಯ ಲೆಕ್ಕ ಆ ಕೋಲಿನಲ್ಲಿತ್ತು.

ಗೊಬ್ಬರ ಹೊರುವ ಈ ದೋಣಿ ನೋಡಲು ಮದುವಣಗಿತ್ತಿಯಂತೆ ಇರುತ್ತಿದ್ದುದು ಮುರ್ತೋಜದವರ ಸ್ವಭಾವವನ್ನು ಹೇಳುತ್ತದೆ. ಮೈಗೆ ಕಪ್ಪು ಡಾಂಬರು. ಹಂಸದ ಕುತ್ತಿಗೆಯಂತೆ ಮೇಲೆದ್ದು ಬಾಗಿದ ಮೂತಿಯ ಎರಡು ಬದಿಗೆ ಎರಡು, ಹಿಂಭಾಗದಲ್ಲಿ ಎರಡು, ಹೀಗೆ ನಾಲ್ಕು ಚಿತ್ರಫಲಕಗಳು. ಅವುಗಳ ಸುತ್ತ ಹೂಬಳ್ಳಿ ಮತ್ತು ರೇಖೆಗಳ ಅಂಚು. ಸಂತರು, ರಾಜರು, ಹೊಲಗೆಲಸ, ಮೀನುಗಾರಿಕೆ, ಪ್ರೇಮ, ತುಂಟ ಸರಸ, ಎಲ್ಲವೂ ಚಿತ್ರಗಳ ವಸ್ತು. ಪ್ರತಿ ಚಿತ್ರದ ಕೆಳಗೆ ಒಂದು ಸಾಲು ಬರಹ. ಬರೆದವರು ಹೆಚ್ಚು ಓದಿದವರಲ್ಲ. ಆಡುವಂತೆಯೇ ಬರೆದರು, ಕಾಗುಣಿತ ಬಾಯಿಮಾತನ್ನು ಹಿಂಬಾಲಿಸಿತು. ಭಾಷಾಶಾಸ್ತ್ರಜ್ಞರಿಗೂ ಜಾನಪದ ವಿದ್ವಾಂಸರಿಗೂ ಈ ತಪ್ಪುಗಳೇ ಅಮೂಲ್ಯ, ಏಕೆಂದರೆ ರಿಯಾ ದಂಡೆಯ ಉಚ್ಚಾರಣೆ ಅವುಗಳಲ್ಲಿ ಹಾಗೇ ಉಳಿದಿದೆ.

ಒಂದು ಕಾಲಕ್ಕೆ ಹಿನ್ನೀರಿನಲ್ಲಿ ಸಾವಿರಕ್ಕೂ ಹೆಚ್ಚು ಮೊಲಿಸೇರೊಗಳಿದ್ದವು. ಇಪ್ಪತ್ತನೇ ಶತಮಾನದ ನಡುವಿನಿಂದ ಅವುಗಳ ಸಂಖ್ಯೆ ಕುಸಿಯಿತು. ರಾಸಾಯನಿಕ ಗೊಬ್ಬರದ ಚೀಲ ಅಗ್ಗವಾಗಿ ಸಿಗತೊಡಗಿತು. ಬಂದರಿಗಾಗಿ ಕಾಲುವೆಗಳನ್ನು ಆಳ ಮಾಡಿದಾಗ ಉಬ್ಬರವಿಳಿತದ ಸೆಳೆತ ಹೆಚ್ಚಿ, ಉಪ್ಪಿನಂಶ ಏರಿ, ಮೊಲಿಸೊ ಬೆಳೆಯುವುದೇ ಕಡಿಮೆಯಾಯಿತು. ಮೂರನೆಯ ಕಾರಣವೇ ಎಲ್ಲಕ್ಕಿಂತ ದೊಡ್ಡದು: ಕುಂಟೆ ಹಿಡಿಯುವ ಕೈಗಳು ವಿದೇಶಕ್ಕೆ ಹೊರಟಿದ್ದವು. ಈಗ ಅವೇರೊ ನಗರದ ಕಾಲುವೆಗಳಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಓಡಾಡುವ ಮೊಲಿಸೇರೊಗಳಿಗೆ ಮೋಟಾರು ಇದೆ, ಹಾಯಿ ಇಲ್ಲ. ಹಾಯಿ ಬಿಚ್ಚಿದ ದೋಣಿಯನ್ನು ನೋಡಬೇಕಾದರೆ ಮುರ್ತೋಜದ ಸ್ಪರ್ಧೆಗಳಿಗೇ ಹೋಗಬೇಕು.

ತೊರೇರದ ಕಡಲ ಬದಿಯಲ್ಲಿ ಬೇರೆಯೇ ಕಸುಬು. ಅದಕ್ಕೆ ‘ಶಾವೆಗ’ ಎಂದು ಹೆಸರು; ಬಲೆ ಎಂಬ ಅರ್ಥದ ಅರಬ್ಬಿ ಮಾತಿನಿಂದ ಬಂದದ್ದು. ಅರ್ಧಚಂದ್ರಾಕಾರದ ದೊಡ್ಡ ದೋಣಿಯೊಂದು ಅಲೆಗಳನ್ನು ಸೀಳಿ ಕಡಲಿಗಿಳಿದು, ಬಲೆಯನ್ನು ಬಳಸಿ ಹಾಕಿ ದಡಕ್ಕೆ ಮರಳುತ್ತದೆ. ಆಮೇಲೆ ಎರಡು ತುದಿಯ ಹಗ್ಗಗಳನ್ನು ದಡದಿಂದ ಎಳೆಯುತ್ತಾರೆ. ಉತ್ತರ ಕನ್ನಡ, ಉಡುಪಿ ಕಡೆಯ ರಂಪಣಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಊರ ಜನರೇ ಸಾಲಾಗಿ ನಿಂತು ಎಳೆದರೆ, ಅಲ್ಲಿ ‘ಮರಿನ್ಯೋವ’ ಎಂಬ ಆ ಸೀಮೆಯ ತಳಿಯ ಎತ್ತುಗಳ ಜೋಡಿಗಳು ಎಳೆಯುತ್ತಿದ್ದವು. ಈಗ ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು ಕರ್ನಾಟಕದ ರಂಪಣಿಯನ್ನು ಹೆಚ್ಚುಕಡಿಮೆ ಮುಗಿಸಿದವು. ತೊರೇರದಲ್ಲಿ ಶಾವೆಗ ಸಣ್ಣ ಪ್ರಮಾಣದಲ್ಲಾದರೂ ಬದುಕಿದೆ. ಹಿನ್ನೀರಿನ ಮರಳಿನಲ್ಲಿ ಚಿಪ್ಪುಮೀನು ಹೆಕ್ಕುವ ಕೆಲಸವೂ ಅಲ್ಲುಂಟು. ಅಘನಾಶಿನಿಯ ಅಳಿವೆಯಲ್ಲಿ ಬಳಚು ತೆಗೆಯುವವರನ್ನು ಅದು ನೆನಪಿಸುತ್ತದೆ.

ತೊರೇರದ ದೊಡ್ಡ ಹಬ್ಬ ಸೆಪ್ಟೆಂಬರ್ ಮೊದಲ ಭಾಗದಲ್ಲಿ ಬರುವ ಸಾಂವ್ ಪಾಯೊ ಜಾತ್ರೆ. ಹತ್ತನೇ ಶತಮಾನದಲ್ಲಿ ಕೊರ್ದೊಬಾದಲ್ಲಿ ಹತನಾದ ಬಾಲಕ ಸಂತನ ಹೆಸರಿನ ಈ ಜಾತ್ರೆಗೆ ರಿಯಾದ ಎಲ್ಲ ದಂಡೆಗಳಿಂದ ಜನ ದೋಣಿಯಲ್ಲಿ ಬಂದು ಸೇರುತ್ತಿದ್ದರು. ಸಂತನ ಪುಟ್ಟ ವಿಗ್ರಹವನ್ನು ದ್ರಾಕ್ಷಾರಸದಲ್ಲಿ ತೊಳೆದು ಆ ರಸವನ್ನು ಪ್ರಸಾದವಾಗಿ ಕುಡಿಯುವ ಪದ್ಧತಿ ಹಿಂದೆ ಇತ್ತು. ಮೊಲಿಸೇರೊಗಳ ಹಾಯಿ ಸ್ಪರ್ಧೆ ಇಂದಿಗೂ ಈ ಜಾತ್ರೆಯ ಮುಖ್ಯ ಆಕರ್ಷಣೆ.

ಮುರ್ತೋಜದ ಇನ್ನೊಂದು ಹೆಸರುವಾಸಿ ಹಾವುಮೀನು. ರಿಯಾದಲ್ಲಿ ಹಿಡಿದ ಹಾವುಮೀನನ್ನು ಶುಚಿ ಮಾಡಿ, ಕಡ್ಡಿಗೆ ಪೋಣಿಸಿ, ಎಣ್ಣೆಯಲ್ಲಿ ಕರಿದು, ವಿನೆಗರ್ ಮತ್ತು ಮಸಾಲೆಯ ರಸದಲ್ಲಿ ಮುಳುಗಿಸಿ ಇಡುವ ವಿದ್ಯೆ ಇಲ್ಲಿನ ಹೆಂಗಸರದು. 1942ರಲ್ಲಿ ಸ್ಥಾಪನೆಯಾದ ‘ಕೊಮುರ್’ ಕಾರ್ಖಾನೆ ಈ ಮನೆಗೆಲಸವನ್ನು ಉದ್ಯಮ ಮಾಡಿ ಡಬ್ಬಿಗೆ ತುಂಬಿತು. ಕರಿಯುವವರು, ಪೋಣಿಸುವವರು, ಡಬ್ಬಿ ಜೋಡಿಸುವವರು ಬಹುಪಾಲು ಮಹಿಳೆಯರೇ. ಗಂಡಸರು ಹಡಗು ಹತ್ತಿ ಹೋದ ಊರಿನಲ್ಲಿ ಮನೆಗೆ ನಗದು ತಂದದ್ದು ಈ ಕೆಲಸ. ಮೊಲಿಸೇರೊಗೆ ಸಿಕ್ಕಷ್ಟು ಹೊಗಳಿಕೆ ಇದಕ್ಕೆ ಸಿಗದಿದ್ದುದು ಅನ್ಯಾಯ. ಹಳೆಯ ಕಾರ್ಖಾನೆಯ ಕಟ್ಟಡ ಈಗ ಪುರಸಭೆಯ ವಸ್ತುಸಂಗ್ರಹಾಲಯ. ಬುನ್ಯೇರೊದ ಕಸ್ತೋದಿಯೊ ಪ್ರಾತೊ ಮನೆ ಹಳೆಯ ಒಕ್ಕಲು ಮನೆತನದ ಬದುಕನ್ನು ತೋರಿಸುವ ಇನ್ನೊಂದು ಸಂಗ್ರಹಾಲಯ. ಈ ಉದ್ಯಮಕ್ಕೆ ಮೂಲವಾದ ಯುರೋಪಿನ ಹಾವುಮೀನು ಮಾತ್ರ ಈಗ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಮುರ್ತೋಜದವರು ಊರು ಬಿಡುವುದನ್ನು ಅಮೆರಿಕದಿಂದ ಕಲಿತವರಲ್ಲ. ಆಸ್ತಿ ಎಲ್ಲ ಮಕ್ಕಳಿಗೂ ಹಂಚಿಹೋಗಿ ಹೊಲಗಳು ಪಟ್ಟಿಗಳಾಗಿದ್ದವು. ಮೀನುಗಾರರು ದಕ್ಷಿಣಕ್ಕೆ ಇಳಿದು ಟೇಗಸ್ ನದಿಯ ಅಳಿವೆಯಲ್ಲಿ ನೆಲೆಸಿದರು. ಲಿಸ್ಬನ್ ಬೀದಿಗಳಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದ ‘ವರೀನ’ ಹೆಂಗಸರಲ್ಲಿ ನೆರೆಯ ಓವರ್ ಊರಿನವರ ಜೊತೆ ಮುರ್ತೋಜದವರೂ ಇದ್ದರು. ಹಲವರು ಬ್ರೆಜಿಲ್‌ಗೆ ಹೋದರು. ಇಪ್ಪತ್ತನೇ ಶತಮಾನದ ಎರಡನೇ ದಶಕದಿಂದ ದಾರಿ ನೆವಾರ್ಕ್ ಕಡೆ ತಿರುಗಿತು.

ಅಮೆರಿಕದ ಪೋರ್ಚುಗೀಸರಲ್ಲಿ ಎರಡು ಪಂಗಡಗಳನ್ನು ಗುರುತಿಸಬೇಕು. ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್, ಫಾಲ್ ರಿವರ್ ಊರುಗಳಿಗೆ ತಿಮಿಂಗಿಲ ಬೇಟೆಯ ಹಡಗುಗಳನ್ನು ಹಿಂಬಾಲಿಸಿ ಬಂದವರು ಹೆಚ್ಚಾಗಿ ಅಸೋರ್ಸ್ ದ್ವೀಪದವರು. ನೆವಾರ್ಕ್‌ಗೆ ಬಂದವರು ಬಹುಪಾಲು ಪೋರ್ಚುಗಲ್ ಮುಖ್ಯಭೂಮಿಯವರು; ಅವರಲ್ಲಿ ಮುರ್ತೋಜದ ಪಾಲು ದೊಡ್ಡದು. ಅವರು ನೆಲೆಸಿದ ಕೇರಿಗೆ ಐರನ್‌ಬೌಂಡ್ ಎಂದು ಹೆಸರು. ಸುತ್ತಲೂ ರೈಲು ಹಳಿಗಳು ಬಿಗಿದಿರುವುದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ಅಲ್ಲಿದ್ದ ಕಬ್ಬಿಣದ ಕುಲುಮೆಗಳನ್ನು ಕಾರಣವಾಗಿ ಕೊಡುವವರೂ ಇದ್ದಾರೆ. ಪಸೇಕ್ ನದಿ ಕೊಕ್ಕೆಯಂತೆ ತಿರುಗುವ ಜಾಗ ಅದು. ಕಾರ್ಖಾನೆ, ಚರ್ಮ ಹದ ಮಾಡುವ ಕೊಠಡಿ, ರೈಲು, ಬಂದರು, ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಇಂಗ್ಲಿಷ್ ಬಾರದವನಿಗೂ ಅಲ್ಲಿ ಕೂಲಿ ಸಿಗುತ್ತಿತ್ತು. ಮೊದಲು ಹೋದವನು ತಮ್ಮನನ್ನು, ಭಾವನನ್ನು, ಪಕ್ಕದ ಮನೆಯವನನ್ನು ಕರೆಸಿಕೊಂಡ.

ಈ ಸರಪಳಿ ಬೇಗ ತುಂಡಾಯಿತು. 1917ರಲ್ಲಿ ಅಮೆರಿಕ ವಲಸಿಗರಿಗೆ ಅಕ್ಷರ ಪರೀಕ್ಷೆ ಇಟ್ಟಿತು. ಓದು ಬಾರದ ಪೋರ್ಚುಗೀಸ್ ರೈತರಿಗೆ ಅದು ದೊಡ್ಡ ಅಡ್ಡಿ. 1924ರ ಕಾನೂನು ಇಡೀ ಪೋರ್ಚುಗಲ್‌ಗೆ ವರ್ಷಕ್ಕೆ 503 ಜನರ ಮಿತಿ ಹಾಕಿತು. ಆದರೆ ಅಷ್ಟರಲ್ಲಿ ಬಂದು ಸೇರಿದವರು ಸಂಸ್ಥೆಗಳನ್ನು ಕಟ್ಟಿಕೊಂಡಿದ್ದರು. 1921ರಲ್ಲಿ ನೆವಾರ್ಕ್‌ನಲ್ಲಿ ‘ಸ್ಪೋರ್ಟ್ ಕ್ಲಬ್ ಪೋರ್ತುಗೇಸ್’, 1922ರಲ್ಲಿ ಪಕ್ಕದ ಎಲಿಜಬೆತ್ ನಗರದಲ್ಲಿ ‘ಪೋರ್ಚುಗೀಸ್ ಇನ್‌ಸ್ಟ್ರಕ್ಟಿವ್ ಸೋಶಿಯಲ್ ಕ್ಲಬ್’ ಹುಟ್ಟಿದವು. 1928ರಲ್ಲಿ ‘ಲೂಜೊ-ಅಮೆರಿಕಾನೊ’ ಪತ್ರಿಕೆ ನೆವಾರ್ಕ್‌ನಿಂದ ಹೊರಟಿತು. ಅದು ಇಂದಿಗೂ ನಡೆಯುತ್ತಿದೆ. ಮುರ್ತೋಜ ಸ್ವತಂತ್ರ ಕೊನ್ಸೆಲ್ಯೊ ಆದದ್ದು 1926ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ನೆವಾರ್ಕ್‌ನ ಕ್ಲಬ್ ಅದಕ್ಕಿಂತ ಐದು ವರ್ಷ ಹಿರಿದು.

1965ರ ಕಾನೂನು ರಾಷ್ಟ್ರಮೂಲದ ಆಧಾರದ ಹಳೆಯ ಕೋಟಾಗಳನ್ನು ತೆಗೆದುಹಾಕಿ, ಪೂರ್ವಾರ್ಧಗೋಳದ ಒಂದೊಂದು ದೇಶದಿಂದ ವರ್ಷಕ್ಕೆ 20 ಸಾವಿರದವರೆಗೆ ಬರಬಹುದೆಂದಿತು. ನ್ಯೂಯಾರ್ಕ್, ನ್ಯೂಜೆರ್ಸಿಗಳಿಗೆ ಕನ್ನಡಿಗ ವೈದ್ಯರು, ಎಂಜಿನಿಯರುಗಳು ಬಂದದ್ದೂ, ಮುಂದೆ ನ್ಯೂಯಾರ್ಕ್ ಕನ್ನಡ ಕೂಟ, ನ್ಯೂಜೆರ್ಸಿಯ ಬೃಂದಾವನದಂಥ ಸಂಘಗಳು ಬೆಳೆದದ್ದೂ ಇದೇ ಬಾಗಿಲಿನಿಂದ. ಕನ್ನಡಿಗರು ಹೆಚ್ಚಾಗಿ ವಿದ್ಯೆಯ ಆಧಾರದಲ್ಲಿ ಬಂದರೆ ಮುರ್ತೋಜದವರು ನೆಂಟಸ್ತಿಕೆಯ ಆಧಾರದಲ್ಲಿ ಬಂದರು. 1924ಕ್ಕೆ ಮೊದಲು ನೆಲೆಸಿದ್ದ ಅಣ್ಣ, ಚಿಕ್ಕಪ್ಪ, ಸೋದರಮಾವಂದಿರು ಈಗ ಜಾಮೀನು ನಿಂತರು. ತಾಯ್ನಾಡಿನಲ್ಲಿ ಆಗ ಸಲಾಜಾರ್ ಸ್ಥಾಪಿಸಿದ ಸರ್ವಾಧಿಕಾರ. 1961ರಿಂದ ಅಂಗೋಲದಲ್ಲಿ, ಆಮೇಲೆ ಗಿನಿ, ಮೊಜಾಂಬಿಕ್‌ಗಳಲ್ಲೂ ವಸಾಹತು ಯುದ್ಧ ನಡೆದಿತ್ತು. ಊರಿನ ಹುಡುಗರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಿ ಆಫ್ರಿಕಾಕ್ಕೆ ಕಳಿಸುತ್ತಿದ್ದರು. ನ್ಯೂಫೌಂಡ್‌ಲ್ಯಾಂಡ್ ಕಡಲಿನಲ್ಲಿ ಸತತ ಆರು ಹಂಗಾಮು ಕಾಡ್ ಮೀನು ಹಿಡಿದವನಿಗೆ ಸೈನ್ಯದಿಂದ ವಿನಾಯಿತಿ ಇತ್ತು ಎಂದರೆ ಆ ಮೀನು ಹಡಗುಗಳ ದುಡಿಮೆ ಎಷ್ಟು ಕಠಿಣವಾಗಿದ್ದಿರಬೇಕು. ಬಡತನ, ಯುದ್ಧ, ನೆಂಟರ ಕರೆ ಮೂರೂ ಕೂಡಿ ಮುರ್ತೋಜ ಖಾಲಿಯಾಗತೊಡಗಿತು. 1974ರ ಏಪ್ರಿಲ್ 25ರ ಕ್ರಾಂತಿ ಯುದ್ಧವನ್ನು ನಿಲ್ಲಿಸಿತಾದರೂ ಹೋದವರಲ್ಲಿ ಹೆಚ್ಚಿನವರು ಹಿಂದಿರುಗಲಿಲ್ಲ.

ನೆವಾರ್ಕ್‌ನಲ್ಲಿ ಗಂಡಸರು ಕಟ್ಟಡ ಮತ್ತು ರಸ್ತೆ ಕೆಲಸಕ್ಕೆ, ಹೆಂಗಸರು ಹೊಲಿಗೆ ಕಾರ್ಖಾನೆಗಳಿಗೆ ಹೋದರು. ಕೂಡಿಟ್ಟ ಹಣದಿಂದ ಮೊದಲು ಕೊಂಡದ್ದು ಮನೆ. 1967ರ ಜುಲೈನ ಗಲಭೆಯಲ್ಲಿ ನೆವಾರ್ಕ್‌ನಲ್ಲಿ 26 ಜನ ಸತ್ತರು. ಆಮೇಲೆ ಅನುಕೂಲಸ್ಥರು ನಗರವನ್ನೇ ತೊರೆದರು. ಆ ಹೊತ್ತಿನಲ್ಲಿ ಐರನ್‌ಬೌಂಡ್‌ನ ಹಳೆಯ ಮರದ ಮನೆಗಳನ್ನು ಕೊಂಡು, ತಾವೇ ಇಟ್ಟಿಗೆ ಕಟ್ಟಿ, ಗಾರೆ ಹಾಕಿ ರಿಪೇರಿ ಮಾಡಿ ನಿಂತವರು ಪೋರ್ಚುಗೀಸರು. ನಗರದ ಉಳಿದ ಭಾಗಗಳು ಬಿಕೋ ಎನ್ನುತ್ತಿದ್ದಾಗ ಐರನ್‌ಬೌಂಡ್‌ನ ಮುಖ್ಯ ಬೀದಿಯಾದ ಫೆರಿ ಸ್ಟ್ರೀಟ್‌ನ ಅಂಗಡಿಗಳು ತೆರೆದೇ ಇದ್ದವು. ಆ ಬೀದಿಗೆ ಪೋರ್ಚುಗಲ್ ಅವೆನ್ಯೂ ಎಂಬ ಎರಡನೇ ಹೆಸರೂ ಬಂತು. ಒಣ ಕಾಡ್ ಮೀನು, ಮೆಕ್ಕೆಜೋಳದ ರೊಟ್ಟಿ, ಕಸ್ಟರ್ಡ್ ತುಂಬಿದ ‘ನಾತಾ’ ಎಂಬ ತಿನಿಸು ಅಲ್ಲಿ ಸಿಗುವ ನಿತ್ಯದ ಸರಕು. ಹಿತ್ತಲುಗಳಲ್ಲಿ ಚಪ್ಪರಕ್ಕೆ ದ್ರಾಕ್ಷಿ ಬಳ್ಳಿ ಹಬ್ಬಿಸಿ, ಅಂಗೈಯಗಲ ಮಣ್ಣಿನಲ್ಲಿ ಕೋಸಿನ ಸೊಪ್ಪು ಬೆಳೆದರು. ಮರಳನ್ನು ಹೊಲ ಮಾಡಿದವರ ಮಕ್ಕಳಿಗೆ ಅದೇನು ಹೊಸದಲ್ಲ. 1970ರ ದಶಕದ ಕೊನೆಯಿಂದ ಪ್ರತಿ ಜೂನ್‌ನಲ್ಲಿ ಪೋರ್ಚುಗಲ್ ದಿನದ ಮೆರವಣಿಗೆ ಈ ಬೀದಿಯಲ್ಲಿ ಸಾಗತೊಡಗಿತು; ಜಾನಪದ ಕುಣಿತದ ತಂಡಗಳು ಕ್ಲಬ್‌ಗಳ ಮಹಡಿಯಲ್ಲಿ ಅಭ್ಯಾಸ ಮಾಡಿ ಅಲ್ಲಿ ಕುಣಿದವು. 1998ರಲ್ಲಿ ಈ ಭಾಗದಿಂದ ನಗರಸಭೆಗೆ ಆಯ್ಕೆಯಾದ ಅಗುಸ್ತೊ ಅಮದೋರ್ ಹುಟ್ಟಿದ್ದು ಮುರ್ತೋಜದಲ್ಲೇ.

ಹಣ ಹಿಮ್ಮುಖವಾಗಿಯೂ ಹರಿಯಿತು. ಡಾಲರಿನಿಂದ ಮುರ್ತೋಜದಲ್ಲಿ ಹೊಸ ಮನೆಗಳೆದ್ದವು, ಚರ್ಚುಗಳು ದುರಸ್ತಿಯಾದವು, ಜಾತ್ರೆಗಳಿಗೆ ದೇಣಿಗೆ ಬಂತು. ವರ್ಷದ ಹನ್ನೊಂದು ತಿಂಗಳು ಕಿಟಕಿ ಮುಚ್ಚಿರುವ ಎಷ್ಟೋ ಮನೆಗಳು ಆಗಸ್ಟ್‌ನಲ್ಲಿ ತೆರೆಯುತ್ತವೆ. ಹೀಗೆ ವಲಸೆ ಊರಿನ ಕಸುಬುಗಳ ಕೈ ಕಸಿಯಿತು, ಹಬ್ಬಗಳ ಕೈ ಹಿಡಿಯಿತು.

2000ರ ಜನಗಣತಿಯಲ್ಲಿ ನ್ಯೂಜೆರ್ಸಿಯ 70 ಸಾವಿರಕ್ಕೂ ಹೆಚ್ಚು ಜನ ತಮ್ಮನ್ನು ಪೋರ್ಚುಗೀಸ್ ಮೂಲದವರೆಂದು ಹೇಳಿಕೊಂಡರು. ಅಷ್ಟರಲ್ಲಿ ಎರಡನೇ, ಮೂರನೇ ತಲೆಮಾರು ಐರನ್‌ಬೌಂಡ್ ಬಿಟ್ಟು ಕಾರ್ನಿ, ಯೂನಿಯನ್, ಹಿಲ್‌ಸೈಡ್‌ಗಳತ್ತ ಹೊರಟಾಗಿತ್ತು. ಅವರು ಬಿಟ್ಟ ಮನೆಗಳಿಗೆ ಬ್ರೆಜಿಲ್, ಎಕ್ವಡಾರ್ ಮುಂತಾದ ದೇಶದವರು ಬಂದರು. ಬ್ರೆಜಿಲ್‌ನವರೂ ಪೋರ್ಚುಗೀಸನ್ನೇ ಆಡುವುದರಿಂದ ಫೆರಿ ಸ್ಟ್ರೀಟ್‌ನಲ್ಲಿ ಭಾಷೆ ಉಳಿದಿದೆ. ಆದರೆ ಅದು ರಿಯಾ ದಂಡೆಯ ಪೋರ್ಚುಗೀಸ್ ಅಲ್ಲ. ನೆವಾರ್ಕ್‌ಗೆ ಹತ್ತಿರದ ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ 2023ರಲ್ಲಿ ಪೋರ್ಚುಗೀಸ್ ಬೂತಾಯಿ ಡಬ್ಬಿಗಳ ಥಳಥಳಿಸುವ ಅಂಗಡಿ ತೆರೆಯಿತು. ಅಲ್ಲಿ ಮಾರುವುದು ಕೊಮುರ್ ಡಬ್ಬಿಗಳನ್ನು. ಆ ಹೆಸರಿನ ಮೂಲ ಮುರ್ತೋಜದ ಹಾವುಮೀನಿನ ಬಾಣಲೆ.

ಇಂದಿನ ಮುರ್ತೋಜ ಸಮತಟ್ಟಾದ, ಶಾಂತವಾದ ಊರು. ಬೈಸಿಕಲ್ ಬಳಕೆಯಲ್ಲಿ ಪೋರ್ಚುಗಲ್‌ನಲ್ಲೇ ಅದಕ್ಕೆ ಮೇಲಿನ ಸ್ಥಾನ. ಹಿನ್ನೀರಿನ ಅಂಚಿನಲ್ಲಿ ಸೈಕಲ್ ದಾರಿಗಳಿವೆ. ದೋಣಿ ಕಟ್ಟಬಲ್ಲ ಬಡಗಿಗಳು ಬೆರಳೆಣಿಕೆಯಷ್ಟು ಉಳಿದಿದ್ದಾರೆ, ಮತ್ತು ಅವರ ಕೈಕೆಲಸವನ್ನು ಕಾಪಾಡಲು ಪುರಸಭೆಗಳು ಎಚ್ಚೆತ್ತಿವೆ. ಅದೇ ಎಚ್ಚರ ನೆವಾರ್ಕ್‌ನ ಕಾಗದಗಳಿಗೂ ಸಿಗಬೇಕು. 1921ರಿಂದಾಚೆಯ ಕ್ಲಬ್ಬಿನ ಕಡತಗಳು, 1928ರಿಂದಾಚೆಯ ಲೂಜೊ-ಅಮೆರಿಕಾನೊ ಸಂಚಿಕೆಗಳು, ಐರನ್‌ಬೌಂಡ್ ಮನೆಗಳ ಪೆಟ್ಟಿಗೆಯಲ್ಲಿರುವ ಪತ್ರ ಮತ್ತು ಫೋಟೋಗಳು ಅಳತೆಕೋಲಿನಷ್ಟೇ ಮುರ್ತೋಜದ ಆಸ್ತಿ. ಆ ಕೊನ್ಸೆಲ್ಯೊದ ಇಪ್ಪತ್ತನೇ ಶತಮಾನದ ಚರಿತ್ರೆ ಬರೆಯಲು ಹೊರಟವರು ರಿಯಾ ದಂಡೆಯಲ್ಲಿ ಅರ್ಧ ಕೆಲಸ ಮುಗಿಸಿ, ಉಳಿದರ್ಧಕ್ಕೆ ಪೋರ್ತೊದಿಂದ ನೆವಾರ್ಕ್‌ಗೆ ಹೋಗುವ ವಿಮಾನ ಹತ್ತಬೇಕಾಗುತ್ತದೆ.